ಹದಿನಾರು ಮೊಳದ ಸೀರೆ ಎಲ್ಲಿ ಸಿಗುತ್ತದೆ?

ಕಳೆದ ದೀಪಾವಳಿಗೆ ಮುಂಚೆ ನನ್ನ ದೊಡ್ಡವ್ವನಿಗೆ ಸೀರೆ ಕೊಡಿಸುವ ಕೆಲಸ ನನ್ನ ಪಾಲಿಗೆ ಬಂತು. ಆಕೆಗೆ ಎಂಬತ್ತು ತುಂಬಲು ಒಂದೆರಡು ವರ್ಷ ಬಾಕಿ. ಅರ್ಧ ಗಂಟೆಯ ಕೆಲಸವೆಂದುಕೊಂಡು ಧಾರವಾಡದಿಂದ ಹುಬ್ಬಳ್ಳಿಗೆ ಕರೆದುಕೊಂಡು ಹೋದೆ. ಮೊದಲು ಹೊಕ್ಕದ್ದು ಗಾಜಿನ ಬಾಗಿಲಿನ ದೊಡ್ಡ ಮಳಿಗೆ. ಒಳಗೆ ತಂಪು ಗಾಳಿ, ಸೀರೆ ಉಟ್ಟು ನಿಂತ ಗೊಂಬೆಗಳು, ಮೂರು ಮಹಡಿ. "ಯಾವ ರೇಂಜಿನಾಗ ತೋರಸ್ಲಿ ಅಜ್ಜೀ?" ಎಂದು ಅಲ್ಲಿಯ ಹುಡುಗಿ ನಯವಾಗಿಯೇ ಕೇಳಿದಳು. ದೊಡ್ಡವ್ವ, "ಹದಿನಾರು ಮೊಳದ್ದು ಅದಾವೇನವ್ವಾ?" ಎಂದಳು. ಹುಡುಗಿ ನನ್ನ ಮುಖ ನೋಡಿದಳು. ಆಕೆಗೆ ಮೊಳ ಎಂದರೇನೆಂದು ಗೊತ್ತಿರಲಿಲ್ಲ.

ಎರಡನೆಯ ಅಂಗಡಿಯಲ್ಲಿಯೂ ಇದೇ ಕತೆ. ಮೂರನೆಯದು ದಾಜಿಬಾನ ಪೇಟೆಯ ಸಂದಿಯೊಂದರಲ್ಲಿ, ಒಂದೇ ಅಂಕಣದ ಹಳೆಯ ಅಂಗಡಿ. ಗಾದಿಯ ಮೇಲೆ ಕೂತಿದ್ದ ಅರವತ್ತು ದಾಟಿದ ಸಾವಕಾರರು ದೊಡ್ಡವ್ವ ಇನ್ನೂ ಮೆಟ್ಟಿಲು ಹತ್ತುತ್ತಿರುವಾಗಲೇ ಕೇಳಿದ್ದು ಒಂದೇ ಮಾತು: "ಎಷ್ಟು ಮೊಳದ್ದು ಬೇಕ ಯವ್ವಾ?" ಆಕೆಯ ಮುಖ ಅರಳಿತು. ಬೆಲೆ ಕೇಳುವ ಮೊದಲೇ ಚಪ್ಪಲಿ ಬಿಟ್ಟು ಒಳಗೆ ಕೂತಳು.

ವಯಸ್ಸಾದ ಹೆಣ್ಣುಮಕ್ಕಳು ಊರಲ್ಲಿ ಇಷ್ಟೊಂದು ಹೊಸ ಮಳಿಗೆಗಳಿದ್ದರೂ ಅದೇ ಹಳೆಯ ಓಣಿಯ ಅದೇ ಹಳೆಯ ಅಂಗಡಿಗೇ ಏಕೆ ಹೋಗುತ್ತಾರೆಂದು ಮನೆಮನೆಗಳಲ್ಲಿ ತಕರಾರು ಇದ್ದೇ ಇದೆ. ಹಟ ಎಂದು ಮಕ್ಕಳು ಹೇಳುತ್ತಾರೆ, ರೂಢಿ ಎಂದು ಸೊಸೆಯರು. ಹಾಗೆ ನೋಡಿದರೆ ಇದು ಬಟ್ಟೆಯ ಅಳತೆ ಮತ್ತು ತೂಕದ ಲೆಕ್ಕ. ತನಗೆ ಒಪ್ಪುವ ಬಟ್ಟೆ ಯಾವುದೆಂದು ಆಕೆಗೆ ಗೊತ್ತು. ಅದು ಎಲ್ಲಿ ಇನ್ನೂ ಉಳಿದಿದೆಯೋ ಅಲ್ಲಿಗೆ ಆಕೆ ಹೋಗುತ್ತಾಳೆ.

ಮೊಳವೆಂದರೆ ಮೊಳಕೈಯಿಂದ ನಡುಬೆರಳಿನ ತುದಿಯವರೆಗಿನ ಉದ್ದ. ಜವಳಿ ಲೆಕ್ಕದಲ್ಲಿ ಹದಿನೆಂಟು ಅಂಗುಲ, ಅಂದರೆ ಅರ್ಧ ಗಜ. ಇಂದು ಅಂಗಡಿಯಲ್ಲಿ ಸಿಗುವ ಆರು ಗಜದ ಸೀರೆ ಹನ್ನೆರಡು ಮೊಳದ್ದು, ಮೀಟರಿನಲ್ಲಿ ಸುಮಾರು ಐದೂವರೆ. ದೊಡ್ಡವ್ವ ಕೇಳಿದ ಹದಿನಾರು ಮೊಳದ್ದು ಎಂಟು ಗಜ, ಅಂದರೆ ಏಳೂಕಾಲು ಮೀಟರಿಗಿಂತ ತುಸು ಹೆಚ್ಚು. ಹದಿನೆಂಟು ಮೊಳದ್ದು ಒಂಬತ್ತು ಗಜ. ಈ ಹೆಚ್ಚಿನ ಎರಡು ಮೂರು ಗಜ ಕಚ್ಚೆಗೆ ಹೋಗುತ್ತದೆ. ಕಚ್ಚೆ ಹಾಕಿ ಉಡುವವರಿಗೆ ಹನ್ನೆರಡು ಮೊಳ ಸಾಲದು. ಮೊಳ ಗೊತ್ತಿಲ್ಲದ ಅಂಗಡಿಯಲ್ಲಿ ಅವರಿಗೆ ಬೇಕಾದ ಬಟ್ಟೆಯೇ ಇರುವುದಿಲ್ಲ.

ಕಚ್ಚೆ ಸೀರೆ ಮುದುಕಿಯರಿಗೆ ಒಪ್ಪುತ್ತದೆ ಎನ್ನಲು ಕಾರಣಗಳಿವೆ. ಕೆಳಗೆ ಲಂಗ ಬೇಕಿಲ್ಲ, ಬಟ್ಟೆಯೇ ಎರಡು ಸುತ್ತು ಬರುತ್ತದೆ. ನಿರಿಗೆಗಳ ಒಂದು ಭಾಗ ಕಾಲುಗಳ ನಡುವಿನಿಂದ ಹಿಂದಕ್ಕೆ ಹೋಗಿ ಸೊಂಟದಲ್ಲಿ ಸಿಕ್ಕಿಕೊಳ್ಳುವುದರಿಂದ ಕಾಲಿಗೆ ತೊಡರುವುದಿಲ್ಲ. ಮೆಟ್ಟಿಲು ಹತ್ತುವಾಗ, ಬಗ್ಗಿ ಕಸ ಹೊಡೆಯುವಾಗ ಅಂಚನ್ನು ಎತ್ತಿ ಹಿಡಿಯುವ ತಾಪತ್ರಯವಿಲ್ಲ. ವಯಸ್ಸಾದವರು ಬೀಳುವುದು ಎಷ್ಟು ಅಪಾಯವೆಂದು ಮನೆಯಲ್ಲಿ ಹಿರಿಯರಿರುವ ಎಲ್ಲರಿಗೂ ಗೊತ್ತು. ಇನ್ನು ನೋಟದ ಮಾತು. ಬಾಗಿದ ಬೆನ್ನು, ಮುಂದೆ ಬಂದ ಹೊಟ್ಟೆ, ಸಣ್ಣಗಾದ ಕಾಲು ಇವನ್ನೆಲ್ಲ ಆರು ಗಜದ ತೆಳು ಸೀರೆ ಎತ್ತಿ ತೋರಿಸುತ್ತದೆ. ಎಂಟು ಗಜದ ನೂಲಿನ ಸೀರೆ ಅವುಗಳ ಮೇಲೆ ತನ್ನದೇ ಆಕಾರ ಕಟ್ಟಿಕೊಳ್ಳುತ್ತದೆ. ಕಚ್ಚೆ ಉಟ್ಟ ಎಂಬತ್ತರ ಹೆಂಗಸು ಹೊಲದ ಬದುವಿನ ಮೇಲೆ ನಡೆದು ಬರುವುದನ್ನು ದೂರದಿಂದ ನೋಡಿದರೆ ಆಕೆಯ ವಯಸ್ಸು ತಿಳಿಯುವುದಿಲ್ಲ.

ಲಂಗದ ವಿಚಾರವಾಗಿ ಇನ್ನೊಂದು ಮಾತು. ಲಂಗದ ಲಾಡಿಯನ್ನು ದಿನವೂ ಒಂದೇ ಜಾಗದಲ್ಲಿ ಬಿಗಿದು ಕಟ್ಟುವುದರಿಂದ ಸೊಂಟದ ಚರ್ಮ ಕಪ್ಪಾಗಿ, ಉಜ್ಜಿ ಹುಣ್ಣಾಗಿ, ಅಪರೂಪಕ್ಕೆ ಅದೇ ಹುಣ್ಣು ಕ್ಯಾನ್ಸರಿಗೆ ತಿರುಗುವುದನ್ನು ನಮ್ಮ ದೇಶದ ವೈದ್ಯರು ಹಲವು ಸಲ ದಾಖಲಿಸಿದ್ದಾರೆ. 2024ರಲ್ಲಿ ಒಂದು ಬ್ರಿಟಿಷ್ ವೈದ್ಯ ಪತ್ರಿಕೆಯಲ್ಲಿ ಇಂಥ ಇಬ್ಬರು ವಯಸ್ಸಾದ ಮಹಿಳೆಯರ ವರದಿ ಬಂತು. ಆದರೆ ಕಚ್ಚೆಯ ಅಭಿಮಾನಿಗಳು ಬೀಗುವಂತಿಲ್ಲ. ಅವರಲ್ಲಿ ಒಬ್ಬಾಕೆ ಲಂಗವಿಲ್ಲದೆ ಲುಗಡಾ ಉಡುವವಳೇ, ಸೀರೆಯನ್ನೇ ಸೊಂಟಕ್ಕೆ ಬಿಗಿದು ಕಟ್ಟುತ್ತಿದ್ದಳು. ಉಡುಗೆ ಯಾವುದಾದರೂ ಬಿಗಿತ ಬೇಡವೆಂಬುದು ಅದರ ತಾತ್ಪರ್ಯ.

ಸಾವಕಾರರು ಕಪಾಟಿನ ಮೇಲಿನ ಖಣದಿಂದ ಇಳಿಸಿದ್ದು ಮೂರೇ ಸೀರೆ. ಮೂರೂ ಇಳಕಲ್ಲಿನವು. "ಇಷ್ಟ ಅದಾವ್ರಿ ಹದಿನಾರು ಮೊಳದ್ದು. ಮೊದಲ ಒಂದು ಕಪಾಟ ತುಂಬ ಇರ್ತಿದ್ದವು" ಎಂದರು. ಏಕೆ ಕಡಿಮೆಯಾದವೆಂದು ತಿಳಿಯಬೇಕಾದರೆ ಇಳಕಲ್ ಸೀರೆ ಮಗ್ಗದ ಮೇಲೆ ಏರುವ ಬಗೆಯನ್ನು ಸ್ವಲ್ಪ ನೋಡಬೇಕು.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಗೆ ಮೈ ಬೇರೆ, ಸೆರಗು ಬೇರೆ. ಮೈಯ ಹಾಸು ನೂಲಿನದಾದರೆ ಸೆರಗಿನದು ಕೆಂಪು ರೇಷ್ಮೆ. ಇವೆರಡನ್ನೂ ಬೇರೆ ಬೇರೆಯಾಗಿ ಸಿದ್ಧಮಾಡಿ, ಸೆರಗಿನ ಎಳೆಯ ಕುಣಿಕೆಯನ್ನು ಮೈಯ ಎಳೆಯ ಕುಣಿಕೆಗೆ ಸಿಕ್ಕಿಸಿ ಕೂಡಿಸುತ್ತಾರೆ. ಇದಕ್ಕೆ ಕೊಂಡಿ ಎನ್ನುತ್ತಾರೆ. ಸೀರೆಯ ಅಗಲಕ್ಕೂ ಇರುವ ಸಾವಿರಾರು ಎಳೆಗಳಿಗೆ ಹೀಗೆ ಕೊಂಡಿ ಹಾಕಬೇಕು. ಕಣ್ಣು, ಬೆರಳು, ತಾಳ್ಮೆ ಮೂರೂ ಬೇಡುವ ಕೆಲಸ. ಹಾಸನ್ನು ಅಣಿಗೊಳಿಸುವ ಇಂಥ ಕೆಲಸವೆಲ್ಲ ಬಹುಪಾಲು ನೇಕಾರರ ಮನೆಯ ಹೆಂಗಸರದು. ಸೆರಗಿನ ಮೇಲೆ ಬಿಳಿಯಲ್ಲಿ ಮೂಡುವ ಆಕೃತಿಗಳಿಗೆ ಜೋಳದ ತೆನೆ, ಹಣಿಗೆ, ಕೋಟೆಯ ತೆನೆ ಎಂದೆಲ್ಲ ಊರ ಹೆಸರುಗಳುಂಟು. ಸೆರಗನ್ನು ಒಟ್ಟಾರೆ ಟೋಪ ತೆನಿ ಸೆರಗು ಎನ್ನುವುದು ರೂಢಿ.

ನಮ್ಮ ಪ್ರಶ್ನೆಗೆ ಉತ್ತರ ಇರುವುದು ಈ ಕೊಂಡಿಯಲ್ಲಿ. ಉದ್ದನೆಯ ಹಾಸು ಏರಿಸಿ, ಒಂದರ ಹಿಂದೊಂದು ನೇಯ್ದು, ಬೇಕಾದಲ್ಲಿ ಕತ್ತರಿಸುವ ಸೀರೆ ಇದಲ್ಲ. ಪ್ರತಿ ಸೀರೆಗೂ ಅದರದೇ ಹಾಸು, ಅದರದೇ ಸೆರಗು. ಹಾಸು ಆರು ಗಜದ್ದೋ, ಎಂಟರದೋ, ಒಂಬತ್ತರದೋ ಎಂಬುದು ಮಗ್ಗಕ್ಕೆ ಏರುವ ಮೊದಲೇ ತೀರ್ಮಾನವಾಗಿರಬೇಕು. ಆದ್ದರಿಂದ ಯಾರೋ ಒಬ್ಬರು ಮುಂಚಿತವಾಗಿ ಹದಿನಾರು ಮೊಳದ್ದು ಬೇಕೆಂದು ಹೇಳದ ಹೊರತು ಅದು ಹುಟ್ಟುವುದೇ ಇಲ್ಲ. ಹೇಳುತ್ತಿದ್ದವರು ಇಂಥ ಸಣ್ಣ ಅಂಗಡಿಗಳ ಸಾವಕಾರರು. ತಮ್ಮ ಗಿರಾಕಿಗಳಲ್ಲಿ ಕಚ್ಚೆ ಉಡುವವರು ಎಷ್ಟು, ಅವರು ಯಾವ ಹಬ್ಬಕ್ಕೆ ಬರುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ಅಂಗಡಿಯೊಂದು ಮುಚ್ಚಿದರೆ ಆ ನೆನಪೂ ಹೋಯಿತು, ಇಳಕಲ್ಲಿಗೆ ಹೋಗುವ ಆ ಹೇಳಿಕೆಯೂ ನಿಂತಿತು.

ಇದರ ಜೊತೆಗೆ ವಿದ್ಯುತ್ ಮಗ್ಗ ಬಂತು. ಕೃತಕ ರೇಷ್ಮೆಯ ಎಳೆ, ಮೈ ಸೆರಗು ಎರಡಕ್ಕೂ ಒಂದೇ ಹಾಸು, ಕೊಂಡಿಯ ರಗಳೆ ಇಲ್ಲ. ಕಣ್ಣಿಗೆ ಇಳಕಲ್ಲಿನಂತೆಯೇ ಕಾಣುವ ಸೀರೆ ಕಡಿಮೆ ಬೆಲೆಗೆ ಸಿಗತೊಡಗಿತು. ಕೈಮಗ್ಗದ ಹಕ್ಕು ಕಾಯಲೆಂದು ಕೇಂದ್ರ ಸರ್ಕಾರ 1985ರಲ್ಲಿ ಕಾಯ್ದೆಯೊಂದನ್ನು ತಂದು, ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆಂದೇ ಕಾಯ್ದಿರಿಸಿತು. ಮೊದಲು 22 ಇದ್ದ ಆ ಪಟ್ಟಿ ಆಮೇಲೆ 11ಕ್ಕೆ ಇಳಿಯಿತು. ಸೀರೆ ಅದರಲ್ಲಿ ಇದೆ. ಕಾಯ್ದೆ ಪುಸ್ತಕದಲ್ಲಿದೆ, ವಿದ್ಯುತ್ ಮಗ್ಗದ ಸೀರೆ ಪೇಟೆಯಲ್ಲಿದೆ. ಅಗ್ಗದ್ದನ್ನು ಕೊಳ್ಳುವವರನ್ನು ದೂರಿ ಫಲವಿಲ್ಲ. ಬಡವರ ಮನೆಯ ಮುದುಕಿಗೂ ವರ್ಷಕ್ಕೊಂದು ಹೊಸ ಸೀರೆ ಸಿಕ್ಕಿದ್ದು ಅದರಿಂದಲೇ. ಆದರೆ ವಿದ್ಯುತ್ ಮಗ್ಗದವರು ನೇಯುವುದು ಹೆಚ್ಚು ಖರ್ಚಾಗುವ ಹನ್ನೆರಡು ಮೊಳವನ್ನೇ. ಹಾಗಾಗಿ ಅರವತ್ತು ವರ್ಷ ಕಚ್ಚೆ ಉಟ್ಟ ಎಷ್ಟೋ ಹೆಂಗಸರು ಎಪ್ಪತ್ತನೆಯ ವಯಸ್ಸಿನಲ್ಲಿ ಲಂಗ ಕಟ್ಟುವುದನ್ನು ಹೊಸದಾಗಿ ಕಲಿತಿದ್ದಾರೆ. ಯಾರೂ ಅವರಿಗೆ ಕಚ್ಚೆ ಬಿಡಿ ಎಂದು ಹೇಳಲಿಲ್ಲ. ಬಟ್ಟೆ ಸಿಗಲಿಲ್ಲ, ಅಷ್ಟೇ.

ಮತ್ತೆ ಅಂಗಡಿಗೆ ಬರೋಣ. ದೊಡ್ಡವ್ವ ಮೂರೂ ಸೀರೆಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಅಂಚಿನ ಎಳೆಯನ್ನು ಉಗುರಿನಿಂದ ಕೆರೆದಳು. ಮಡಿಕೆ ಬಿಚ್ಚಿಸಿ ತೂಕ ನೋಡಿದಳು. ಮಳಿಗೆಯಲ್ಲಿ ಗೊಂಬೆಗೆ ಉಡಿಸಿದ ಸೀರೆಯನ್ನು ಹೀಗೆ ಪರೀಕ್ಷಿಸಲಾಗುವುದಿಲ್ಲ. ಗಾದಿಯ ಅಂಗಡಿಯಲ್ಲಿ ಬಟ್ಟೆ ಗಿರಾಕಿಯ ತೊಡೆಯ ಮೇಲೆಯೇ ಬಂದು ಬೀಳುತ್ತದೆ. ಒಂದು ಬದಲಾವಣೆಯನ್ನು ಮಾತ್ರ ಮೆಚ್ಚಬೇಕು. ಈಗ ಇಂಥ ಅಂಗಡಿಗಳಲ್ಲಿಯೂ ಗಾದಿಯ ಪಕ್ಕಕ್ಕೆ ಎರಡು ಕುರ್ಚಿ ಇಟ್ಟಿರುತ್ತಾರೆ. ಮೊಣಕಾಲು ನೋವಿನವರು ಹೆಚ್ಚಾಗಿದ್ದಾರೆಂದು ಸಾವಕಾರರಿಗೂ ಗೊತ್ತು.

ಆಮೇಲೆ ಆಕೆ ಸೀರೆಯನ್ನು ಎತ್ತಿಕೊಂಡು ಬಾಗಿಲಿಗೆ ನಡೆದಳು. ಇದು ನಮ್ಮ ಹಿರಿಯರೆಲ್ಲ ಮಾಡುವ ಕೆಲಸ. ಕೊಳವೆ ದೀಪದ ಬೆಳಕಿನಲ್ಲಿ ಕೆಂಪಿನ ಅಂಶ ಕಡಿಮೆ. ಹೀಗಾಗಿ ಒಳಗೆ ಕಂದಾಗಿ ಕಂಡದ್ದು ಬಿಸಿಲಿನಲ್ಲಿ ಕೆಂಪಾಗಿ ಬದಲಾಗುತ್ತದೆ. ಮುಖದ ಪಕ್ಕಕ್ಕೆ ಹಿಡಿದು ಹಗಲು ಬೆಳಕಲ್ಲಿ ನೋಡದ ಬಣ್ಣವನ್ನು ನಂಬಬಾರದೆಂಬ ಅವರ ನಿಯಮಕ್ಕೆ ಹೀಗೆ ಭೌತಶಾಸ್ತ್ರದ ಬೆಂಬಲವಿದೆ.

"ಇವು ಮೂರೂ ಬ್ಯಾಡಪಾ" ಎಂದಳು ವಾಪಸು ಬಂದು. ಒಂದು ಬೂದಿ, ಒಂದು ಕಾಫಿ ಬಣ್ಣ, ಇನ್ನೊಂದು ಮಾಸಿದ ಹಸಿರು. ವಯಸ್ಸಿಗೆ ತಕ್ಕ ಬಣ್ಣವಲ್ಲವೇ ಎಂದು ನಾನೇ ಬಾಯಿ ಹಾಕಿದೆ. ದೊಡ್ಡವ್ವ ನನ್ನ ಕಡೆ ತಿರುಗಿದಳು. "ನಾ ಮುದುಕಿ ಖರೆ ತಮ್ಮಾ. ನನ್ನ ಸೀರಿ ಯಾಕ ಮುದುಕಿ ಆಗಬೇಕು?"

ದೊಡ್ಡಪ್ಪ ತೀರಿಕೊಂಡು ಹನ್ನೆರಡು ವರ್ಷವಾಯಿತು. ಆ ಹನ್ನೆರಡು ವರ್ಷ ಆಕೆ ಉಟ್ಟದ್ದೆಲ್ಲ ಬೂದಿ, ಕಾಫಿ. ಮನೆಯಲ್ಲಿ ಯಾರೂ ಬಣ್ಣ ಉಡಬೇಡವೆಂದವರಿಲ್ಲ. ಉಡು ಎಂದವರೂ ಇಲ್ಲ. ಹಬ್ಬಕ್ಕೆ ಸೀರೆ ತರುವ ನಾವೆಲ್ಲ ಅಂಥದ್ದನ್ನೇ ಆರಿಸಿ ತಂದೆವು. ಬ್ರಾಹ್ಮಣ ಮನೆಗಳಲ್ಲಿ ವಿಧವೆಗೆ ತಲೆ ಬೋಳಿಸಿ ಬರಿಯ ಕೆಂಪು ಸೀರೆ ಉಡಿಸುತ್ತಿದ್ದ ಕಾಲವೊಂದಿತ್ತು, ಬೇರೆ ಕೆಲವು ಸಮುದಾಯಗಳಲ್ಲಿ ಬಿಳಿ. ಆ ಕಟ್ಟಳೆಗಳು ಹೋದವೆಂದು ನಾವು ಹೇಳಿಕೊಳ್ಳುತ್ತೇವೆ. ಕಟ್ಟಳೆ ಹೋದ ಜಾಗಕ್ಕೆ 'ವಯಸ್ಸಿಗೆ ತಕ್ಕದ್ದು' ಎಂಬ ಮೆತ್ತಗಿನ ಮಾತೊಂದು ಬಂದು ಕೂತಿದೆ. ಇಳಕಲ್ಲಿನ ನೇಕಾರರು ಈ ಮಾತನ್ನು ಕೇಳಿದಂತಿಲ್ಲ. ಅವರ ಸೀರೆಯ ಮೈ ದಾಳಿಂಬೆ ಕೆಂಪಾಗಲಿ, ನವಿಲಿನ ಹಸಿರಾಗಲಿ, ಸೆರಗು ಮಾತ್ರ ಹದಿನಾರರ ಹುಡುಗಿಗೂ ಎಂಬತ್ತರ ಅಜ್ಜಿಗೂ ಅದೇ ಕೆಂಪು ರೇಷ್ಮೆ. ತಲೆಯ ಮೇಲೆ ಹೊದ್ದಾಗ ಬಿಳಿಗೂದಲಿನ ಸುತ್ತ ಆ ಕೆಂಪು ಬರುತ್ತದೆ. ಒಪ್ಪುವುದೆಂದರೆ ಹೇಗಿರುತ್ತದೆಂದು ನೋಡಬೇಕಾದವರು ಅದನ್ನು ನೋಡಬೇಕು.

ಸೀರೆಗೆ ಜೊತೆಯಾಗುವುದು ಕುಪ್ಪಸ. ಅದಕ್ಕೆ ಗುಳೇದಗುಡ್ಡದ ಖಣ. ಅಗಲ ಕಡಿಮೆಯ, ಎರಡೂ ಕಡೆ ಅಂಚಿರುವ ಈ ಬಟ್ಟೆಯನ್ನು ಅಂಚು ತೋಳಿಗೆ ಬರುವಂತೆ ಕತ್ತರಿಸಿ ಹೊಲಿಯುತ್ತಾರೆ. ಹಳೆಯ ಕ್ರಮದ ಕುಪ್ಪಸಕ್ಕೆ ಮುಂದೆ ಗಂಟು. ಹೆಗಲು ಹಿಡಿದುಕೊಂಡು ಕೈ ಹಿಂದಕ್ಕೆ ಹೋಗದವರಿಗೆ, ಸಣ್ಣ ಹುಕ್ಕು ಕಣ್ಣಿಗೆ ಕಾಣದವರಿಗೆ ಇದಕ್ಕಿಂತ ಅನುಕೂಲದ್ದು ಇನ್ನೊಂದಿಲ್ಲ. ಆದರೆ ಅದನ್ನು ಹೊಲಿಯುವ ದರ್ಜಿ ಬೇಕಲ್ಲ! ಸೀರೆಯಂಗಡಿಯ ಕಟ್ಟೆಯ ಮೇಲೆಯೇ ಮಷಿನ್ ಹಾಕಿಕೊಂಡು ಕೂರುವ ಮುದಿ ದರ್ಜಿಯೊಬ್ಬ ಇದ್ದರೆ ಆ ಅಂಗಡಿಯ ವ್ಯಾಪಾರ ಅರ್ಧ ಅವನಿಂದಲೇ ನಡೆಯುತ್ತಿರುತ್ತದೆ. ಪೇಟೆಗೆ ಬರಲಾಗದ ಹಳ್ಳಿಯ ಹೆಂಗಸರಿಗೆ ಜಾತ್ರೆಯೇ ಅಂಗಡಿ. ಪುಷ್ಯ ಮಾಸದಲ್ಲಿ ಬಾದಾಮಿ ಬನಶಂಕರಿಯ ಜಾತ್ರೆಗೆ ಹೋದವರು ಸೀರೆ, ಖಣ ಕೊಳ್ಳದೆ ಬರುವುದು ಕಡಿಮೆ.

ಬೆಂಗಳೂರು, ಮೈಸೂರಿನ ಅಜ್ಜಿಯರ ಲೆಕ್ಕ ಬೇರೆ. ಅಲ್ಲಿ ಮೊಳಕ್ಕಿಂತ ತೂಕ ಮುಖ್ಯ. ಮದುವೆಗೆ ಕೊಂಡ ಕಾಂಜೀವರಂ ಸೀರೆ ಮುಕ್ಕಾಲು ಕಿಲೋ ದಾಟುವುದುಂಟು. ಅದರ ಬಟ್ಟೆ ಗಟ್ಟಿ, ಮೈಯಿಂದ ದೂರ ನಿಲ್ಲುತ್ತದೆ. ಎಳೆಯ ಮೈಗೆ ಅದು ಗಾಂಭೀರ್ಯ, ಮುದಿ ಹೆಗಲಿಗೆ ಹೊರೆ. ಮೈಸೂರು ಕ್ರೇಪ್ ರೇಷ್ಮೆ ಇದಕ್ಕೆ ನೇರ ವಿರುದ್ಧ. ಹೊಕ್ಕಿನ ರೇಷ್ಮೆ ಎಳೆಗೆ ಮೊದಲೇ ಬಲವಾದ ಹುರಿ ಕೊಟ್ಟಿರುತ್ತಾರೆ. ನೇಯ್ದ ಮೇಲೆ ಅಂಟು ತೆಗೆದಾಗ ಆ ಹುರಿ ಸಡಿಲಾಗಲು ಹೆಣಗಿ ಬಟ್ಟೆ ಸಣ್ಣಗೆ ಸುಕ್ಕುಗಟ್ಟಿ ಮೆತ್ತಗಾಗುತ್ತದೆ. ಹಾಗಾಗಿ ಅದು ನೀರಿನಂತೆ ಮೈಮೇಲೆ ಇಳಿಯುತ್ತದೆ, ಉಬ್ಬಿ ನಿಲ್ಲುವುದಿಲ್ಲ. ಹೆಗಲಿಂದ ಜಾರುವುದೊಂದೇ ಅದರ ದೋಷ, ಅದಕ್ಕೆ ಪಿನ್ನು ಇದೆ. ನಾಲ್ವಡಿ ಕೃಷ್ಣರಾಜ ಒಡೆಯರು 1912ರಲ್ಲಿ ಸ್ವಿಟ್ಜರ್ಲೆಂಡಿನಿಂದ ಮಗ್ಗ ತರಿಸಿ ಶುರುಮಾಡಿದ ಈ ಕಾರ್ಖಾನೆ 1980ರಿಂದ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಕೈಯಲ್ಲಿದೆ. ಬುಟ್ಟಾ, ಚಿತ್ತಾರ ಏನೂ ಇಲ್ಲದ ಮೈ, ಸಣ್ಣ ಜರಿ ಅಂಚು. ಬೆಲೆ ಮಾತ್ರ ಎಲ್ಲರ ಕೈಗೆ ಎಟುಕುವಂಥದ್ದಲ್ಲ. ಆದರೂ ನಿಗಮದ ಮಳಿಗೆಯಲ್ಲಿ ಚೌಕಾಸಿ ಇಲ್ಲ, ಮೋಸವಿಲ್ಲ ಎಂಬ ನಂಬಿಕೆಯಿಂದ ನಿವೃತ್ತ ಶಿಕ್ಷಕಿಯರು, ಬ್ಯಾಂಕಿನಲ್ಲಿ ದುಡಿದವರು ಅಲ್ಲಿಗೇ ಹೋಗುತ್ತಾರೆ. ದಿನಬಳಕೆಯ ನೂಲಿನ ಸೀರೆಗೆ 1975ರಲ್ಲಿ ಸ್ಥಾಪನೆಯಾದ ಕೈಮಗ್ಗ ಅಭಿವೃದ್ಧಿ ನಿಗಮದ ಪ್ರಿಯದರ್ಶಿನಿ ಮಳಿಗೆಗಳಿವೆ, ಚಿಕ್ಕಪೇಟೆಯ ಸಂದಿಗಳಿವೆ. ಕರಾವಳಿಯ ಸೆಕೆಗೆ ಉಡುಪಿ ಸೀರೆಯಷ್ಟು ಹಿತವಾದದ್ದಿಲ್ಲವೆಂದು ಅಲ್ಲಿಯ ಹಿರಿಯರು ಹೇಳುತ್ತಾರೆ. ನಿಂತೇಹೋಗುವಂತಿದ್ದ ಆ ನೇಯ್ಗೆ ತಾಳಿಪಾಡಿಯ ನೇಕಾರರ ಸಹಕಾರ ಸಂಘದ ಮಗ್ಗಗಳಲ್ಲಿ ಈಚಿನ ವರ್ಷಗಳಲ್ಲಿ ಮತ್ತೆ ಚೇತರಿಸಿಕೊಂಡಿದೆ.

ಇಷ್ಟೆಲ್ಲ ಹೇಳಿ ನೈಟಿಯ ಹೆಸರೆತ್ತದಿದ್ದರೆ ಸತ್ಯಕ್ಕೆ ಅಪಚಾರ. ಇಂದು ನಮ್ಮ ಊರುಗಳ ಬಹಳಷ್ಟು ಹಿರಿಯ ಹೆಂಗಸರ ಹಗಲಿನ ಉಡುಪು ಅದೇ. ಅಗ್ಗ, ಸಡಿಲ, ಒಗೆಯಲು ಹಗುರ. ಅದನ್ನು ಹಾಸ್ಯ ಮಾಡುವವರು ಒಂದು ದಿನ ಒಲೆಯ ಮುಂದೆ ಸೀರೆಯಲ್ಲಿ ನಿಂತು ನೋಡಬೇಕು. ಆದರೆ ನೈಟಿ ತೊಟ್ಟವರೂ ಬಾಗಿಲಲ್ಲಿ ನೆಂಟರು ಕಂಡೊಡನೆ ಹೆಗಲಿಗೊಂದು ಟವಲು ಎಳೆದುಕೊಳ್ಳುತ್ತಾರೆ. ಕೈ ಸೆರಗನ್ನು ಹುಡುಕುತ್ತದೆ.

ದಾಜಿಬಾನ ಪೇಟೆಯಲ್ಲಿ ಅಂದು ಕೊನೆಗೆ ಸೀರೆ ಕೊಳ್ಳಲಿಲ್ಲ. ಸಾವಕಾರರು ಕೆಂಪು ಬಟ್ಟೆಯ ಹೊದಿಕೆಯ ಪುಸ್ತಕ ತೆಗೆದು ಬರೆದುಕೊಂಡರು: ಹದಿನಾರು ಮೊಳ, ದಾಳಿಂಬೆ ಬಣ್ಣ, ಚಿಕ್ಕಿ ದಡಿ. ದೊಡ್ಡವ್ವ ಬಗ್ಗಿ ನೋಡಿ, "ಸೆರಗು ರೇಷ್ಮಿದ ಅಂತ ಬರಿ" ಎಂದಳು. ಬರೆದರು. ನಾನು ಮುಂಗಡ ಕೊಟ್ಟೆ. ಹಬ್ಬಕ್ಕೆ ಆಕೆ ಹಳೆಯದನ್ನೇ ಉಟ್ಟಳು.

ಸಂಕ್ರಾಂತಿಯ ಹೊತ್ತಿಗೆ ಸಾವಕಾರರ ಫೋನು ಬಂತು. "ಸೀರಿ ಬಂದದ್ರಿ. ಒಂದ ಸೀರಿಗೆ ಅಷ್ಟ ಉದ್ದ ಹಾಸು ಮಾಡೂದು ಪೂರೈಸೂದಿಲ್ಲ ಅಂದ್ರು ನೇಕಾರ್ರು. ಅದಕ್ಕ ಜೋಡಿ ನೇಯಸೇನಿ. ಇನ್ನೊಂದು ಗಿಳಿ ಹಸಿರು ಅದ. ನಿಮ್ಮ ಕಡೆ ಕಚ್ಚಿ ಹಾಕಾವ್ರು ಯಾರರ ಇದ್ರ ಹೇಳ್ರಿ."

ದೊಡ್ಡವ್ವನ ಗೆಳತಿಯರಲ್ಲಿ ಕಚ್ಚೆ ಉಡುವವರು ಈಗ ಇಬ್ಬರು. ಒಬ್ಬರು ಹಾಸಿಗೆ ಹಿಡಿದಿದ್ದಾರೆ. ಇನ್ನೊಬ್ಬರು ಮಗನ ಜೊತೆ ಪುಣೆಯಲ್ಲಿದ್ದಾರೆ, ಅವರಿಗೆ ಹೇಳಿ ಕಳಿಸಿದ್ದೇವೆ. ಹೋದ ವಾರ ಆ ಅಂಗಡಿಯ ಮುಂದೆ ಹಾದುಹೋಗುವಾಗ ನೋಡಿದೆ. ಗಿಳಿ ಹಸಿರಿನ ಸೀರೆ ಕಪಾಟಿನ ಮೇಲಿನ ಖಣದಲ್ಲಿ, ಆ ಬೂದಿ, ಕಾಫಿಗಳ ಮೇಲೆ ಇತ್ತು.